ತಡಿಕೆಯ ಆಚೆ ಹುಳ, ಈಚೆ ಪುಸ್ತಕ

ಪುಸ್ತಕ ಕೈಗೆ ಬಂದರೆ ಮೊದಲು ಮೂಸಿ ನೋಡುವುದು ನನ್ನ ಹಳೇ ಚಾಳಿ. ಓದುವುದೆಲ್ಲ ಆಮೇಲೆ. ಮನೆಯಲ್ಲಾದರೆ ಪರವಾಗಿಲ್ಲ, ಮೊಮ್ಮಗಳು "ಅಜ್ಜಿ ಪೂಜೆ ಶುರುವಾಯ್ತು" ಅಂತ ನಕ್ಕು ಸುಮ್ಮನಾಗುತ್ತಾಳೆ. ಮೊನ್ನೆ ಮಾಲೂರಿನ ಒಂದು ಲೈಬ್ರರಿಯಲ್ಲೂ ಹಾಗೇ ಒಂದು ದಪ್ಪ ಪುಸ್ತಕ ಬಿಚ್ಚಿ ಮೂಗು ತೂರಿಸಿದ್ದೆ. ಅಲ್ಲಿ ಕೂತಿದ್ದ ಹುಡುಗಿ, ಪಾಪ, ಗಾಬರಿಯಿಂದ ಎದ್ದು ಬಂದು "ಮೇಡಂ, ಒಳಗೇನಾದ್ರೂ ಹಲ್ಲಿ ಗಿಲ್ಲಿ ಸತ್ತಿದ್ಯಾ?" ಅಂತ ಕೇಳಿದಳು. "ಇಲ್ಲಮ್ಮಾ, ಹಿಪ್ಪುನೇರಳೆ ಸೊಪ್ಪಿನ ವಾಸನೆ ಬರುತ್ತೇನೋ ಅಂತ ನೋಡ್ತಿದ್ದೆ" ಅಂದೆ. ಆಕೆ ನನ್ನನ್ನು ಒಂದು ಥರಾ ನೋಡಿ, ಹೋಗಿ ಫ್ಯಾನ್ ಹಾಕಿದಳು.

ಅವತ್ತು ನನ್ನನ್ನು ಅಲ್ಲಿಗೆ ಕರೆಸಿದ್ದೇ, ಬರೆಯುವವರಿಗೆ ಲೈಬ್ರರಿ ಹೇಗೆ ಸ್ಫೂರ್ತಿ ಕೊಡುತ್ತೆ ಅನ್ನುವುದರ ಮೇಲೆ ಮಾತಾಡೋದಕ್ಕೆ. ನನಗಿಂತ ಮುಂಚೆ ಮಾತಾಡಿದವರು ಜ್ಞಾನದ ದೇಗುಲ, ಅಕ್ಷರದ ಜ್ಯೋತಿ ಅಂತೆಲ್ಲ ಚೆನ್ನಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದರು. ನನಗೆ ನೋಡಿದರೆ ಲೈಬ್ರರಿ ಅಂದ ತಕ್ಷಣ ನೆನಪಾಗೋದು ರೇಷ್ಮೆಹುಳ. ವೇದಿಕೆ ಮೇಲೆ ನಿಂತು ಹುಳದ ವಿಷಯ ಎತ್ತೋಕಾಗುತ್ತಾ? ನಾನೂ ಜ್ಯೋತಿ ಗೀತಿ ಅಂತ ಏನೋ ಹೇಳಿ, ಶಾಲು ಹೊದ್ದುಕೊಂಡು ಬಂದುಬಿಟ್ಟೆ. ನಿಮ್ಮ ಹತ್ತಿರ ಆದರೆ ಸಂಕೋಚ ಇಲ್ಲ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ.

ನಮ್ಮೂರು ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ರಾಯಲ್ಪಾಡಿನ ಕಡೆಗೆ. ಆಂಧ್ರ ಎಷ್ಟು ಹತ್ತಿರ ಅಂದರೆ ನಮ್ಮ ಮೇಕೆಗಳು ದಿನಾ ಹೋಗಿ ಅಲ್ಲಿ ಮೇಯ್ದು ಬರುತ್ತಿದ್ದವು. ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಜಗಳಕ್ಕೆ ಮಾತ್ರ ಯಾವುದು ಮೊದಲು ಬಾಯಿಗೆ ಬಂದರೆ ಅದು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಎಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅನ್ನೋದು ಮಾತಿಗೆ ಅಷ್ಟೇ. ಹುಳ ಸಾಕೋ ಮನೆಯಲ್ಲಿ ಯಾರೂ ಕೂರೋ ಹಾಗಿಲ್ಲ. ಸೊಪ್ಪು ಕೊಯ್ಯೋದು, ಹೆಚ್ಚೋದು, ತಟ್ಟೆಗಳಿಗೆ ಉದುರಿಸೋದು, ಮತ್ತೆ ಸೊಪ್ಪಿಗೆ ಓಡೋದು, ಇದೇ ನನ್ನ ಕಾಲೇಜು.

ಆ ಕಾಲೇಜಿನ ಪ್ರಿನ್ಸಿಪಾಲರು ನಮ್ಮವ್ವ. ಅವ್ವ ಅಂದರೆ ತಾಯಿ ಅಲ್ಲ, ನಮ್ಮ ಕಡೆ ಅಜ್ಜಿಗೆ ಅವ್ವ ಅಂತೀವಿ. ನಮ್ಮಪ್ಪನ ತಾಯಿ. ಓದು ಬರಹ ಬರದು, ಆದರೆ ಮನೆ, ತೋಟ, ಹುಳ, ಮಗ, ಸೊಸೆ ಎಲ್ಲ ಆಕೆಯ ಕಣ್ಣಳತೆಯಲ್ಲೇ ನಡೆಯಬೇಕು. ಅವ್ವ ಆಡಿದ್ದೆಲ್ಲ ತೆಲುಗಿನಲ್ಲಿ, ನಿಮಗೋಸ್ಕರ ಕನ್ನಡಕ್ಕೆ ತಿರುಗಿಸಿ ಹೇಳ್ತಿದ್ದೀನಿ. ತಿರುಗಿಸಿದರೆ ಅರ್ಧ ಖಾರ ಹೋಗುತ್ತೆ, ಅದಕ್ಕೆ ನಾನು ಜವಾಬ್ದಾರಳಲ್ಲ.

ಬೀದಿ ಪಕ್ಕಕ್ಕೆ ನಮ್ಮದೊಂದು ಉದ್ದನೆ ಹಜಾರ ಇತ್ತು. ಊರಿಗೆ ಲೈಬ್ರರಿ ಮಂಜೂರಾಗಿದೆ, ಇಡೋಕೆ ಜಾಗ ಇಲ್ಲ ಅಂತ ಪಂಚಾಯ್ತಿಯವರು ಬಂದು ಕೇಳಿದಾಗ ಅವ್ವ ಯೋಚನೆ ಮಾಡಿ, "ಬುಕ್ಕು ಅಂದರೆ ಮೇವು ಕೇಳಲ್ಲ, ಗಲೀಜು ಮಾಡಲ್ಲ. ಅರ್ಧ ರೂಮು ತಗೊಳ್ಳಿ" ಅಂದಳಂತೆ. ನಡುವೆ ಒಂದು ಬಿದಿರು ತಡಿಕೆ ಕಟ್ಟಿದರು. ಈಚೆ ಲೈಬ್ರರಿ, ಆಚೆ ಹುಳದ ಮನೆ. ಲೋಕದಲ್ಲಿ ಇಂಥ ಲೈಬ್ರರಿ ಇನ್ನೊಂದು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಹುಳ ಸಾಕಿದವರಿಗೆ ಗೊತ್ತು, ಅವು ಮನೆ ಅಳಿಯನಿಗಿಂತ ನಾಜೂಕು. ಸುಮ್ಮನೆ ಒಳಗೆ ನುಗ್ಗೋ ಹಾಗಿಲ್ಲ. ಕಾಲು ತೊಳಿಬೇಕು. ಬೀಡಿ ಕೂಡದು, ಪೌಡರ್ ಕೂಡದು, ತಲೇಲಿ ಮಲ್ಲಿಗೆ ಕೂಡದು, ಹತ್ತಿರದಲ್ಲಿ ಒಗ್ಗರಣೆ ಹಾಕೋ ಹಾಗಿಲ್ಲ. ಹುಳ ಪೊರೆ ಬಿಡೋಕೆ ಮುಂಚೆ ಮೇಯೋದು ನಿಲ್ಲಿಸಿ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತವಲ್ಲ, ಅದಕ್ಕೆ ಜ್ವರ ಅಂತೀವಿ. ಜ್ವರಕ್ಕೆ ಕೂತಾಗ ಗಟ್ಟಿಯಾಗಿ ಮಾತಾಡಬಾರದು ಅಂತ ಅವ್ವನ ಕಾನೂನು. ಹುಳದ ಗಾಳಿ, ಬುಕ್ಕಿನ ಗಾಳಿ ಒಂದೇ ತಾನೇ, ತಡಿಕೆಗೆ ತೂತಿಲ್ಲವೇ? ಹಾಗಾಗಿ ಲೈಬ್ರರಿಗೆ ಬರೋರಿಗೂ ಅದೇ ಕಾನೂನು ಜಾರಿಯಾಯ್ತು. ಬಾಗಿಲಲ್ಲಿ ನೀರಿನ ತೊಟ್ಟಿ. ಯಾರಾದರೂ ಪೇಪರ್ ಓದುತ್ತಾ "ಅಯ್ಯೋ ನೋಡ್ರಪ್ಪಾ ಇಲ್ಲಿ" ಅಂತ ದನಿ ಎತ್ತಿದರೆ ತಡಿಕೆಯ ಆಚೆಯಿಂದ ಅವ್ವ, "ಯಾರಲೇ ಅದು? ಹುಳ ಜ್ವರಕ್ಕೆ ಕೂತಿವೆ, ಬಾಯಿ ಮುಚ್ಚು" ಅಂತ ಹುಳಗಳೇ ಹೆದರೋ ಹಾಗೆ ಕೂಗುತ್ತಿದ್ದಳು.

ಒಂದು ಸಲ ಕೋಲಾರದಿಂದ ದೊಡ್ಡ ಸಾಹೇಬರೊಬ್ಬರು ತಪಾಸಣೆಗೆ ಬಂದರು. ನೋಡ್ತಾರೆ, ಗೌಡರಿಂದ ಹಿಡಿದು ಕೂಲಿಯವರ ತನಕ ಎಲ್ಲರೂ ಬೀಡಿ ಆರಿಸಿ, ಕಾಲು ತೊಳೆದು, ಕೈ ಒರೆಸಿ, ಪಿಸುಗುಟ್ಟುತ್ತಾ ಒಳಗೆ ಬರುತ್ತಿದ್ದಾರೆ. ಸಾಹೇಬರು, "ಪುಸ್ತಕದ ಮೇಲೆ ಇಂಥ ಭಕ್ತಿ ನನ್ನ ಸರ್ವೀಸಿನಲ್ಲೇ ನೋಡಿಲ್ಲ ಕಣ್ರೀ" ಅಂತ ತಾವೂ ಬೂಟು ಬಿಚ್ಚಿ ಕಾಲು ತೊಳೆದರು. ಲೈಬ್ರರಿ ನೋಡಿಕೊಳ್ಳುತ್ತಿದ್ದ ವೆಂಕಟಸ್ವಾಮಿಯವರು ನಿಜ ಹೇಳೋಕೆ ಬಾಯಿ ತೆರೆದವರು, ಏನನ್ನಿಸಿತೋ, ಕೈಮುಗಿದು ಸುಮ್ಮನಾದರು. ಅಷ್ಟರಲ್ಲಿ ಅವ್ವ ಬಂದು ಮೂಗು ಅರಳಿಸಿ, "ಆ ಕರವಸ್ತ್ರ ಹೊರಗಿಟ್ಟು ಬರೋಕೆ ಹೇಳಯ್ಯಾ, ಸೆಂಟು ಹೊಡೀತಿದೆ" ಅಂದಳು. ಸಾಹೇಬರು ಅದನ್ನೂ ಭಕ್ತಿ ಅಂತಲೇ ತಿಳಿದು ಕರವಸ್ತ್ರವನ್ನು ಜೀಪಿನಲ್ಲಿಟ್ಟು ಬಂದರು.

ವೆಂಕಟಸ್ವಾಮಿಯವರ ಬಗ್ಗೆ ಒಂದು ಮಾತು. ಮುಳಬಾಗಿಲಿನವರು, ನಮ್ಮೂರಲ್ಲೇ ಒಂದು ರೂಮು ಮಾಡಿಕೊಂಡಿದ್ದರು. ತುಂಬಾ ಒಳ್ಳೆಯವರು, ಅಷ್ಟೇ ಪುಕ್ಕಲು. ಪುಸ್ತಕ ಓದುತ್ತಿರಲಿಲ್ಲ, ಪೇಪರಿನಲ್ಲಿ ಸಿನಿಮಾ ಜಾಹೀರಾತು ಮಾತ್ರ ನೋಡುತ್ತಿದ್ದರು. ಜೀವನದಲ್ಲಿ ಅವರಿಗಿದ್ದ ಆಸೆ ಒಂದೇ, ಮಾವಿನಹಣ್ಣು. ಬೇಸಿಗೆ ಬಂತೆಂದರೆ ನಮ್ಮ ತೋಟದ ಬೇನಿಷಾ ಹಣ್ಣು ಮೇಜಿನ ಮೇಲಿಟ್ಟುಕೊಂಡು, ಕೊಯ್ದು ತಿನ್ನುತ್ತಾ, ಅದೇ ಕೈಯಲ್ಲಿ ಪುಸ್ತಕ ಕೊಡುತ್ತಿದ್ದರು. ತಗೊಂಡವರೂ ಹಣ್ಣು ತಿನ್ನುತ್ತಲೇ ಓದುತ್ತಿದ್ದರು. ಹೀಗಾಗಿ ನಮ್ಮ ಲೈಬ್ರರಿಯಲ್ಲಿ ಪುಸ್ತಕದ ಯೋಗ್ಯತೆ ತಿಳಿಯೋಕೆ ವಿಮರ್ಶೆ ಗಿಮರ್ಶೆ ಬೇಕಾಗಿರಲಿಲ್ಲ. ಹಳದಿ ಹೆಬ್ಬೆಟ್ಟಿನ ಕಲೆ ಕೊನೇ ತನಕ ಇದ್ದರೆ ಒಳ್ಳೇ ಪುಸ್ತಕ, ನಡುವೆ ನಿಂತುಹೋಗಿದ್ದರೆ ಅಲ್ಲಿಂದ ಮುಂದೆ ಬೋರು. ಈಗಲೂ ನನ್ನದೊಂದು ಪುಸ್ತಕ ಅಚ್ಚಾಗಿ ಬಂದಾಗ, ಯಾರಾದರೂ ಇದನ್ನು ಹಣ್ಣು ತಿನ್ನುತ್ತಾ ಕೊನೇ ತನಕ ಓದ್ತಾರಾ ಅಂತಲೇ ನನ್ನ ಯೋಚನೆ.

ನನ್ನ ಓದೆಲ್ಲ ಆ ತಡಿಕೆಗೆ ಒರಗಿಕೊಂಡೇ. ಸೊಪ್ಪು ಹಾಕಿ ಬಂದು ಈಚೆ ಕೂತು ಪುಸ್ತಕ ಬಿಚ್ಚಿದರೆ, ಬೆನ್ನ ಹಿಂದೆ ಹುಳ ಮೇಯೋ ಸದ್ದು. ಯಾರೋ ಒಂದು ಗುಂಪು ಜನ ಕೂತು ಬೇಗ ಬೇಗ ಪುಟ ಮಗುಚುತ್ತಿರೋ ಹಾಗೆ ಕೇಳುತ್ತಿತ್ತು. ಅವುಗಳಿಗಿಂತ ಮುಂಚೆ ನನ್ನ ಪುಸ್ತಕ ಮುಗಿಸಬೇಕು ಅಂತ ನನಗೆ ಹಟ. ಸುಖ ಅಂದರೆ ಏನು ಅಂತ ಯಾರಾದರೂ ಕೇಳಿದರೆ ಇವತ್ತಿಗೂ ನಾನು ಆ ಜಾಗ ತೋರಿಸುತ್ತೇನೆ.

ಆ ಸುಖಕ್ಕೆ ಒಂದು ದಿನ ಕುತ್ತು ಬಂತು. ಆ ಸಲ ರೇಷ್ಮೆ ಗೂಡು ಚೆನ್ನಾಗಿ ಆಗಿತ್ತು. ಮುಂದಿನ ಬೆಳೆಗೆ ಇನ್ನೂ ಜಾಸ್ತಿ ಹುಳ ಇಡಬೇಕು ಅಂತ ಅವ್ವನಿಗೆ ಆಸೆ ಹತ್ತಿತು. ಹುಳ ದೊಡ್ಡದಾಗ್ತಾ ಆಗ್ತಾ ಜಾಗ ಕೇಳುತ್ತವೆ. ಅವ್ವ ತಡಿಕೆಯ ಈಚೆ ಬಂದು, ಬೀರುಗಳನ್ನು ಮೇಲಿಂದ ಕೆಳಕ್ಕೆ ನೋಡಿ, "ಏನಯ್ಯಾ ಸ್ವಾಮಿ, ಈ ರೂಮು ನನಗೆ ಬೇಕು. ನಿನ್ನ ಬುಕ್ಕುಗಳನ್ನ ಬೇರೆ ಎಲ್ಲಾದ್ರೂ ನೋಡ್ಕೋ" ಅಂದಳು.

"ಅಮ್ಮಾವ್ರೇ, ಊರಲ್ಲಿ ಬೇರೆ ಜಾಗ ಇಲ್ಲ. ಖಾಲಿ ಮಾಡಿ ಅಂದ್ರೆ ಎಲ್ಲಾ ಕಟ್ಟಿ ಶ್ರೀನಿವಾಸಪುರಕ್ಕೆ ಸಾಗಿಸಬೇಕಾಗುತ್ತೆ" ಅಂದರು ವೆಂಕಟಸ್ವಾಮಿ.

"ಸಾಗಿಸು. ಯಾರು ಬೇಡ ಅಂದ್ರು?"

ಶ್ರೀನಿವಾಸಪುರಕ್ಕೆ ನನ್ನನ್ನು ಯಾರು ಕಳಿಸುತ್ತಾರೆ? ಹಬ್ಬಕ್ಕೆ ಬಟ್ಟೆ ತರೋಕೆ ಹೋಗೋದೇ ಒಂದು ದೊಡ್ಡ ಯಾತ್ರೆ. ಆ ಬೀರುಗಳು ಬಸ್ಸು ಹತ್ತಿದರೆ ನನ್ನ ಓದು ಅಲ್ಲಿಗೆ ಮುಗೀತು. ಅಮ್ಮನ ಹತ್ತಿರ ಹೋಗಿ ಅತ್ತುಬಿಟ್ಟೆ, ಅವಳು "ನಿಮ್ಮವ್ವನ ಮುಂದೆ ನನ್ನ ಮಾತು ನಡೆಯುತ್ತೇನೇ" ಅಂದಳು. ಅಪ್ಪನ ಹತ್ತಿರ ಗೋಗರೆದೆ, ಟವೆಲ್ಲು ಕೊಡವಿ ಹೆಗಲಿಗೆ ಹಾಕ್ಕೊಂಡು ತೋಟಕ್ಕೆ ಹೋದರು. ಉಳಿದದ್ದು ಅವ್ವನೇ.

ಮಧ್ಯಾಹ್ನ ನಾವಿಬ್ಬರೂ ಎದುರು ಬದುರು ಕೂತು ಸೊಪ್ಪು ಹೆಚ್ಚೋದು ವಾಡಿಕೆ. ಅವತ್ತು ನಾನು ಬೇಕಂತಲೇ ನಿಟ್ಟುಸಿರು ಬಿಟ್ಟೆ.

"ಏಮೇ ಪದ್ದಿ, ಏನಾಯ್ತು?"

"ಏನಿಲ್ಲ ಬಿಡವ್ವ. ವಸುಂಧರಾಗೆ ಇಂಥ ಕಷ್ಟ ಬರಬಾರದಿತ್ತು."

"ಯಾವ ವಸುಂದ್ರಮ್ಮ? ಗೌನಿಪಲ್ಲಿಯವಳಾ?"

"ಅಲ್ಲವ್ವ, ಬುಕ್ಕಿನೊಳಗಿರೋಳು."

ಅವ್ವ ಮೂಗು ಮುರಿದಳು. ಆದರೆ ಕುಡುಗೋಲು ನಿಂತಿತು. ಅದನ್ನು ನಾನು ನೋಡಿಬಿಟ್ಟೆ. ಮೆಲ್ಲಗೆ ಶುರು ಮಾಡಿದೆ. ನಾನು ಓದುತ್ತಿದ್ದ ಕಾದಂಬರಿಗೆ ಅಟ್ಟೆ ಇರಲಿಲ್ಲ, ಮೇಲಿನ ರಟ್ಟು ಹರಿದುಹೋಗಿತ್ತು, ಹೆಸರು ಗೊತ್ತಿಲ್ಲ. ವಸುಂಧರಾ ಅಂತ ದೊಡ್ಡ ಬಂಗಲೆಯ ಸೊಸೆ. ಗಂಡನಿಗೆ ಆಕೆಯ ಸಂಗೀತದ ಮೇಷ್ಟರ ಮೇಲೆ ಅನುಮಾನ. ಅತ್ತೆ ಉಪ್ಪು ಖಾರ ಹಚ್ಚುತ್ತಾಳೆ. ಕನ್ನಡದಲ್ಲಿ ಓದಿದ್ದನ್ನು ತೆಲುಗಿನಲ್ಲಿ ಹೇಳುತ್ತಾ ಹೋದೆ. ಆ ಮೊದಲ ಮಧ್ಯಾಹ್ನ ಸೊಪ್ಪು ಮುಗಿದರೂ ಅವ್ವ ಏಳಲಿಲ್ಲ. "ಆಮೇಲೆ ಚೆಪ್ಪು" ಅಂದಳು, ಆಮೇಲೆ ಹೇಳು ಅಂತ.

"ಆಮೇಲೆ ಓದಿ ಹೇಳಬೇಕವ್ವ. ಆದ್ರೆ ಪುಸ್ತಕಗಳು ಹೊರಟುಬಿಡ್ತಾವಲ್ಲ."

ಅವ್ವ ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದಳು. "ಕಳ್ಳಮುಂಡೇದೆ. ಸರಿ, ಆ ವಸುಂದ್ರಮ್ಮನ ಕತೆ ಮುಗಿಯೋ ತನಕ ಇರಲಿ. ಮುಗಿದ ದಿನ ರೂಮು ಖಾಲಿ. ಹುಳ ಕಾಯಲ್ಲ" ಅಂದಳು.

ಅಲ್ಲಿಂದ ಶುರುವಾಯ್ತು ನೋಡಿ ನನ್ನ ಕಸರತ್ತು. ಪುಸ್ತಕವೇನೋ ಇಷ್ಟು ದಪ್ಪ ಇತ್ತು, ಆದರೆ ಅವ್ವ ಕೇಳೋ ಸ್ಪೀಡಿಗೆ ಎಷ್ಟು ದಿನ ಬಂದೀತು? ಎಳೆಯೋಕೆ ಶುರು ಮಾಡಿದೆ. ಕಾದಂಬರಿಯಲ್ಲಿ ವಸುಂಧರಾ ಮದುವೆ ಒಂದೇ ಸಾಲು, ನಾನು ಬೀಗರ ಊಟಕ್ಕೇ ಎರಡು ಮಧ್ಯಾಹ್ನ ತಗೊಂಡೆ. ಬಂಗಲೆಗೆ ಒಬ್ಬ ಅಡುಗೆಯವಳನ್ನು ಸೇರಿಸಿದೆ, ಅವಳಿಗೊಬ್ಬ ಕುಡುಕ ಗಂಡನನ್ನು ತಂದೆ. ಆ ಕುಡುಕನಿಗೆ ನಮ್ಮ ಬೀದಿಯ ಒಬ್ಬರ ನಡಿಗೆ ಕೊಟ್ಟೆ, ಅವ್ವ ಗುರುತು ಹಿಡಿದು ಬಿದ್ದು ಬಿದ್ದು ನಕ್ಕಳು. ನಾಳೆಗೆ ಏನು ಹೇಳಲಿ ಅಂತ ಗೊತ್ತಾಗದಾಗ ಬೀರುಗಳ ಮುಂದೆ ಹೋಗಿ ನಿಲ್ಲುತ್ತಿದ್ದೆ. ಒಂದು ಪುಸ್ತಕದಿಂದ ಮಳೆ, ಇನ್ನೊಂದರಿಂದ ಒಂದು ಜಗಳ, ಪ್ರವಾಸದ ಪುಸ್ತಕದಿಂದ ಸಮುದ್ರ, ಎಲ್ಲ ಕದ್ದು ತಂದು ವಸುಂಧರಾಳ ಬಂಗಲೆಗೆ ತುಂಬಿಸುತ್ತಿದ್ದೆ. ಓದಿದ್ದು ಹಾಗೇ ಉಳಿಯಲ್ಲ, ಒಳಗೆ ಹೋಗಿ ಬೇರೆ ಏನೋ ಆಗುತ್ತೆ ಅಂತ ನನಗೆ ಗೊತ್ತಾದದ್ದು ಆ ದಿನಗಳಲ್ಲೇ. ಆಗ ಅದನ್ನೆಲ್ಲ ಯೋಚಿಸೋಕೆ ಪುರುಸೊತ್ತೆಲ್ಲಿತ್ತು, ಹೇಗಾದರೂ ನಾಳೆ ಮಧ್ಯಾಹ್ನ ದಾಟಿದರೆ ಸಾಕಾಗಿತ್ತು.

ಎಷ್ಟು ಎಳೆದರೂ ಕೊನೆ ಹತ್ತಿರ ಬಂದೇ ಬಂತು. ಎಲ್ಲರ ಮಾತಿನಿಂದ ನೊಂದ ವಸುಂಧರಾ ಪೆಟ್ಟಿಗೆ ಹಿಡಿದು ರೈಲ್ವೆ ಸ್ಟೇಷನ್ನಿನಲ್ಲಿ ನಿಂತಿದ್ದಾಳೆ. ರೈಲು ಬರ್ತಾ ಇದೆ. ಅಲ್ಲಿಗೆ ಆ ದಿನದ್ದು ನಿಲ್ಲಿಸಿದೆ. ಅವ್ವನಿಗೆ ಚಡಪಡಿಕೆ. ಸಾಯಂಕಾಲ ಹಾಲು ಕರೆಯೋವಾಗಲೂ, "ಪದ್ದೀ, ಆಯಮ್ಮ ರೈಲು ಹತ್ತಿದಳಾ?" ಅಂತ ಕೂಗಿದಳು. ಮಾರನೇ ದಿನ ಬೆಳಿಗ್ಗೆ ಮುಂದಿನದು ಓದೋಣ ಅಂತ ಪುಸ್ತಕ ತೆಗೀತೀನಿ, ಸ್ಟೇಷನ್ನಿನಿಂದ ಮುಂದೆ ಹಾಳೆಗಳೇ ಇಲ್ಲ! ನಿನ್ನೆ ಇದ್ದವು. ಹೊಲಿಗೆ ಬಿಟ್ಟು ಜೋತಾಡುತ್ತಿದ್ದವು, ನನ್ನ ಕೈಯಾರೆ ಒಳಗೆ ತಳ್ಳಿ ಇಟ್ಟಿದ್ದೆ.

ಆದದ್ದು ಇಷ್ಟು. ಹಿಂದಿನ ದಿನ ಸಾಯಂಕಾಲ ಹೊಸ ಮರಿ ಹುಳ ಬಂದಿದ್ದವು. ಮರಿ ಹುಳಕ್ಕೆ ತಟ್ಟೆಯ ಮೇಲೆ ಕಾಗದ ಹಾಸಬೇಕು. ಯಾವಾಗಲೂ ವೆಂಕಟಸ್ವಾಮಿಯವರು ಹಳೇ ಪೇಪರ್ ಕೊಡುತ್ತಿದ್ದರು, ಅವತ್ತು ಅವರು ಮುಳಬಾಗಿಲಿಗೆ ಯಾರದೋ ಮದುವೆಗೆ ಹೋಗಿದ್ದರು. ಅವ್ವ ಈಚೆ ಬಂದು ನೋಡಿದ್ದಾಳೆ. ಮೇಜಿನ ಮೇಲೆ ಅಟ್ಟೆ ಇಲ್ಲದ ಪುಸ್ತಕ, ಬಿದ್ದುಹೋಗೋ ಹಾಗಿರೋ ಹಾಳೆಗಳು. ಕಣ್ಣಿಗೊತ್ತಿಕೊಂಡು ತಗೊಂಡು ಹೋಗಿ ಹಾಸಿಬಿಟ್ಟಿದ್ದಾಳೆ. ಯಾವ ಕತೆಗೋಸ್ಕರ ರಾತ್ರಿಯೆಲ್ಲ ಹೊರಳಾಡಿದಳೋ, ಅದರ ಕೊನೆಯನ್ನು ಅವ್ವ ತಾನೇ ಹುಳದ ಕೆಳಗೆ ಹಾಸಿದ್ದಳು.

ನಾನು ತಡಿಕೆಯ ಆಚೆ ಓಡಿದೆ. ಕೋಳಿ ಪುಕ್ಕ ತಗೊಂಡು ಮರಿಗಳನ್ನು ಮೆಲ್ಲಗೆ ಆಚೆ ಸರಿಸಿ ಓದೋಕೆ ನೋಡಿದೆ. ಕಾಗದ ಒದ್ದೆ, ಅಕ್ಷರದ ಮೇಲೆಲ್ಲ ಸೊಪ್ಪಿನ ಚೂರು, ಕರೀ ಸಾಸಿವೆ ಥರ ಹಿಕ್ಕೆ. ಒಂದು ಕಡೆ "ಎಂದು ಕಣ್ಣೀರು ಒರೆಸಿಕೊಂಡರು" ಅಂತ ಕಂಡಿತು. ಯಾರು ಒರೆಸಿಕೊಂಡರು? ಆ ಕಾದಂಬರಿಯಲ್ಲಿ ಒರೆಸಿಕೊಳ್ಳದವರು ಯಾರಿದ್ದಾರೆ! ಹಿಂದೆ ಬಾಗಿಲಲ್ಲಿ ಬಳೆ ಸದ್ದಾಯ್ತು. ತಿರುಗಿ ನೋಡಿದರೆ ಯಾರೂ ಇರಲಿಲ್ಲ.

ಮಧ್ಯಾಹ್ನ ಅವ್ವ ಸೊಪ್ಪಿನ ಮುಂದೆ ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತಳು. "ಊಂ, ಚೆಪ್ಪು." ಕತೆ ಕೆಟ್ಟರೆ ಲೈಬ್ರರಿ ಹೋಯ್ತು. ಕತೆ ಮುಗಿದರೂ ಲೈಬ್ರರಿ ಹೋಯ್ತು. ಎರಡು ಕಡೆಯಿಂದಲೂ ಹೋಗೋದೇ ಆದರೆ ಚೆನ್ನಾಗಿಯಾದರೂ ಹೋಗಲಿ ಅಂತ ಧೈರ್ಯ ಮಾಡಿದೆ.

ವಸುಂಧರಾ ರೈಲು ಹತ್ತಲಿಲ್ಲ. ಒಂದು ಕಾಲು ಮೇಲಿಟ್ಟಿದ್ದಾಳೆ, ಹಿಂದಿನಿಂದ ಯಾರೋ ಸೆರಗು ಎಳೆದರು. ಗಂಡ ಅಲ್ಲ, ಅತ್ತೆ! ಬರಿಗಾಲಲ್ಲಿ ಓಡಿ ಬಂದಿದ್ದಾಳೆ. "ನೀನು ಹೋದ್ರೆ ನಾನು ಯಾರ ಹತ್ತಿರ ಜಗಳ ಆಡಲೇ?" ಅಂತ ಅತ್ತೆ ಅಳುತ್ತಾಳೆ. ಸೊಸೆಯೂ ಅಳುತ್ತಾಳೆ. ರೈಲು ಹೋಗುತ್ತೆ. ಇಬ್ಬರೂ ಪೆಟ್ಟಿಗೆಯನ್ನು ಆ ಕಡೆ ಈ ಕಡೆ ಹಿಡಿದುಕೊಂಡು ಮನೆಗೆ ಬರುತ್ತಾರೆ. ಬಾಗಿಲಲ್ಲಿ ಗಂಡ ನಿಂತಿದ್ದಾನೆ. ಅತ್ತೆ ಮಗನಿಗೆ, "ಪಕ್ಕಕ್ಕೆ ಸರಿಯೋ, ನನ್ನ ಸೊಸೆ ಬಂದಳು" ಅಂತ ಗದರುತ್ತಾಳೆ. ವಸುಂಧರಾ ತಲೆಯಲ್ಲಿದ್ದ ಹೂವು ತೆಗೆದಿಟ್ಟು, ತೊಟ್ಟಿಯ ನೀರಲ್ಲಿ ಕಾಲು ತೊಳೆದು, ಒಳಗೆ ಬರುತ್ತಾಳೆ.

ಹೇಳಿ ಮುಗಿಸಿ ತಲೆ ತಗ್ಗಿಸಿದೆ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಕೇಳಿದಳು, "ಅಲ್ಲ ಪದ್ದಿ, ಆ ಬಂಗಲೆಯ ಸಾಹುಕಾರನ ಹೆಂಡತಿಗೆ ನಮ್ಮ ಹುಳದ ಮನೆ ಕಾನೂನು ಯಾರು ಹೇಳಿಕೊಟ್ಟರು?"

ನಾನು ಹೆಚ್ಚಿದ ಸೊಪ್ಪನ್ನೇ ಮತ್ತೆ ಹೆಚ್ಚೋಕೆ ಶುರು ಮಾಡಿದೆ.

"ಬೆಳಿಗ್ಗೆ ನೀನು ಪುಕ್ಕ ಹಿಡ್ಕೊಂಡು ತಟ್ಟೆ ಮುಂದೆ ಬಗ್ಗಿದ್ದು ನೋಡಿದೆ ಕಣೇ. ಆಗಲೇ ಗೊತ್ತಾಯ್ತು ನಾನು ಮಾಡಿದ ಘನಂದಾರಿ ಕೆಲಸ. ಮುಂದಿನಿಂದ ತಾನೇ ಓದೋದು, ಹಿಂದಿನ ಹಾಳೆ ಈಗಲೇ ಯಾರಿಗೆ ಬೇಕು ಅಂದ್ಕೊಂಡೆ. ಸರಿ, ಈ ಹುಡುಗಿ ಏನು ಹೇಳ್ತಾಳೋ ನೋಡೋಣ ಅಂತ ಕೂತಿದ್ದೆ." ಅವ್ವ ಕುಡುಗೋಲು ಕೆಳಗಿಟ್ಟಳು. "ಆ ಅತ್ತೆ ಓಡಿ ಬಂದಿದ್ದು, ಜಗಳ ಆಡೋಕೆ ಯಾರಿದ್ದಾರೆ ಅಂದಿದ್ದು, ಅದೆಲ್ಲ ನಿನ್ನ ತಲೇಲೇ ಹುಟ್ಟಿದ್ದಾ?"

"ಹೂಂ ಅವ್ವ."

ಅವ್ವ ಎದ್ದಳು. ತಡಿಕೆಯ ಈಚೆ ಬಂದು ಬೀರುಗಳ ಮುಂದೆ ನಿಂತಳು. ಮದುವೆ ಊಟದ ಸುಸ್ತಿನಲ್ಲಿ ತೂಕಡಿಸುತ್ತಿದ್ದ ವೆಂಕಟಸ್ವಾಮಿಯವರು ಧಡಕ್ಕನೆ ಎದ್ದು, "ಅಮ್ಮಾವ್ರೇ, ಈಗಲೇ ಕಟ್ಟಿಸ್ತೀನಿ, ಮೂಟೆಗೆ ಹಗ್ಗ ತರಿಸಿದ್ದೀನಿ" ಅಂದರು.

"ಹಗ್ಗ ಕೊಡಿಲ್ಲಿ. ಹಿತ್ತಲಲ್ಲಿ ಚಪ್ಪರ ಹಾಕಿಸ್ತೀನಿ, ಅದಕ್ಕೆ ಬೇಕು. ಹೆಚ್ಚಿನ ಹುಳ ಅಲ್ಲಿರಲಿ." ನನ್ನ ಕಡೆ ಕೈ ತೋರಿಸಿ ಹೇಳಿದಳು, "ಇದೂ ಒಂದು ಹುಳ ಕಣಯ್ಯಾ. ಸೊಪ್ಪು ಕಿತ್ಕೊಂಡ್ರೆ ಗೂಡು ಎಲ್ಲಿಂದ ಕಟ್ಟುತ್ತೆ?"

ನಾನು ಅವ್ವನ ಸೊಂಟ ಹಿಡಿದು ಕುಣಿದುಬಿಟ್ಟೆ. "ಬಿಡೇ, ಹುಳ ಜ್ವರಕ್ಕೆ ಕೂತಿವೆ" ಅಂತ ಅವ್ವ ಬೈದಳು. ಮರಿ ಹುಳಕ್ಕೆ ಇನ್ನೂ ಜ್ವರದ ಹೊತ್ತೇ ಆಗಿರಲಿಲ್ಲ. ಮಾರನೇ ದಿನದಿಂದ ಹೊಸ ಕತೆ ಶುರುವಾಯ್ತು, ಈ ಸಲ ಸೊಪ್ಪು ಹೆಚ್ಚೋಕೆ ಅಕ್ಕಪಕ್ಕದ ಮನೆ ಹೆಂಗಸರೂ ಕುಡುಗೋಲು ತಗೊಂಡು ಬಂದು ಸೇರಿದರು.

ಎಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಕೋಲಾರಕ್ಕೆ ಬಂದೆ. ಹೊಸದರಲ್ಲಿ ನಮ್ಮ ಮನೆಯವರು "ಎಲ್ಲಿಗೆ ಹೋಗೋಣ?" ಅಂದಾಗ "ಲೈಬ್ರರಿಗೆ" ಅಂದೆ. ಸಿನಿಮಾ ಅಂತೀನೇನೋ ಅಂತ ಕಾದಿದ್ದ ಅವರ ಮುಖ ನೋಡಬೇಕಿತ್ತು. ಬಾಗಿಲಲ್ಲಿ ತೊಟ್ಟಿ ಹುಡುಕಿದೆ, ಇರಲಿಲ್ಲ. ಅಲ್ಲೇ ಒಂದು ದಿನ ಬೀರುವಿನಲ್ಲಿ ಕೈಯಾಡಿಸುತ್ತಾ ಇದ್ದಾಗ ಸಿಕ್ಕಳು ನಮ್ಮ ವಸುಂಧರಾ, ಅಟ್ಟೆ ಸಮೇತ, ಕೊನೇ ಹಾಳೆಗಳ ಸಮೇತ. ನಿಂತಲ್ಲೇ ಓದಿದೆ. ಸ್ಟೇಷನ್ನಿನ ಚಳಿಗೆ ಆಕೆಗೆ ಕೆಮ್ಮು ಹತ್ತಿ, ಗಂಡನ ತೊಡೆಯ ಮೇಲೆ ತಲೆಯಿಟ್ಟು, ಪುಟಗಟ್ಟಲೆ ಮಾತಾಡಿ, ಪ್ರಾಣ ಬಿಡುತ್ತಾಳೆ. ಸುತ್ತ ನಿಂತವರು ಅಯ್ಯೋ ಎಂದು ಕಣ್ಣೀರು ಒರೆಸಿಕೊಂಡರು.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಅವ್ವನಿಗೆ ಹೇಳಲೋ ಬೇಡವೋ ಅಂತ ಯೋಚಿಸಿ, ಕೊನೆಗೆ ಹೇಳಿಬಿಟ್ಟೆ. ಅವ್ವನಿಗೆ ಆಗ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕು. ಸೊಪ್ಪು ಹೆಚ್ಚೋದು ನಿಲ್ಲಿಸಿ ಪೂರ್ತಿ ಕೇಳಿದಳು.

"ಸಾಯಿಸಿಬಿಟ್ಟರಾ? ಅಷ್ಟು ಒಳ್ಳೇ ಹುಡುಗೀನ?"

"ಹೂಂ ಅವ್ವ. ಪುಸ್ತಕದಲ್ಲಿ ಹಾಗೇ ಇದೆ."

ಅವ್ವ ಕುಡುಗೋಲು ಮತ್ತೆ ಕೈಗೆ ತಗೊಂಡಳು. "ಅದಕ್ಕೇ ಕಣೇ," ಅಂದಳು, "ನಮ್ಮ ಹುಳ ಅದರ ಮೇಲೆ ಹಿಕ್ಕೆ ಹಾಕಿದ್ದು."